‘ಸಬ್ಮಿಟ್’ ಒತ್ತುವ ಮೊದಲು: ಕಾಲೇಜು ಅರ್ಜಿಯನ್ನು ಅಕ್ಷರ ಅಕ್ಷರವಾಗಿ ಪರೀಕ್ಷಿಸುವ ಬಗೆ

ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಮುನಿಯಪ್ಪ. ಇಂಗ್ಲಿಷಿನಲ್ಲಿ ಅದನ್ನು ನಡುವೆ ‘ವೈ’ ಅಕ್ಷರ ಸೇರಿಸಿ ಬರೆದಿದ್ದಾರೆ. ಆಧಾರ್‌ನಲ್ಲಿ ಆ ‘ವೈ’ ಇಲ್ಲ. ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರಿನ ಹಿಂದಿದೆ. ಊರಿನಲ್ಲಿ ಯಾರನ್ನು ಕೇಳಿದರೂ ನಾಲ್ಕೂ ಒಬ್ಬರೇ ಎನ್ನುತ್ತಾರೆ. ಅರ್ಜಿಯನ್ನು ಓದುವ ಕಂಪ್ಯೂಟರ್‌ಗೆ ಮಾತ್ರ ಅವರು ನಾಲ್ಕು ಬೇರೆ ಬೇರೆ ಜನ.

ಕೋಲಾರ ಜಿಲ್ಲೆಯ ಕ್ಯಾಲನೂರು ಇರಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಯಾವುದೇ ಹಳ್ಳಿಯಿರಲಿ, ಕಾಲೇಜಿಗೆ ಅರ್ಜಿ ಹಾಕುವ ಮನೆಗಳಲ್ಲಿ ವರ್ಷ ವರ್ಷವೂ ಕಾಣುವ ತೊಡಕು ಇದು. ಅಂಕ ಚೆನ್ನಾಗಿರುತ್ತದೆ, ಅರ್ಹತೆಯೂ ಇರುತ್ತದೆ. ಆದರೆ ಒಂದು ಅಕ್ಷರ, ಒಂದು ಅಂಕಿ ಅಥವಾ ಅಳತೆ ಮೀರಿದ ಒಂದು ಫೋಟೊದಿಂದ ಮೀಸಲಾತಿ ತಪ್ಪುತ್ತದೆ, ವಿದ್ಯಾರ್ಥಿವೇತನ ನಿಲ್ಲುತ್ತದೆ, ದಾಖಲೆ ಪರಿಶೀಲನೆಯ ದಿನ ಅಲೆದಾಟ ಶುರುವಾಗುತ್ತದೆ. ಇಂಥ ತಪ್ಪುಗಳಲ್ಲಿ ಬಹುಪಾಲನ್ನು ಮನೆಯಲ್ಲೇ ಕೂತು ಒಂದು ಗಂಟೆಯಲ್ಲಿ ಹಿಡಿಯಬಹುದು.

ಅರ್ಜಿಯನ್ನು ಮೊದಲು ಓದುವುದು ಯಂತ್ರ

ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಶುರುವಾದಾಗ ಅರ್ಜಿ ಎಂದರೆ ಪೆನ್ನಿನಲ್ಲಿ ತುಂಬುವ ಕಾಗದ. ಇಂದು ಎಂಜಿನಿಯರಿಂಗ್, ಕೃಷಿ ಮುಂತಾದ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಬಿಎ, ಬಿಕಾಂ, ಬಿಎಸ್ಸಿಯಂಥ ಪದವಿಗಳಿಗೆ ರಾಜ್ಯದ ಹಲವು ವಿಶ್ವವಿದ್ಯಾಲಯಗಳು ಬಳಸುವ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಕೋಲಾರದ ಟಮಕದಲ್ಲಿ ಕೇಂದ್ರ ಕಚೇರಿಯಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಾಲೇಜುಗಳೂ ಈ ವ್ಯವಸ್ಥೆಯಲ್ಲೇ ಇವೆ. ಸೀಟು ಸಿಕ್ಕಿದ ಮೇಲೆ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಮೂರೂ ಕಡೆ ನಿಮ್ಮ ವಿವರವನ್ನು ಬೇರೆ ದಾಖಲೆಗಳೊಂದಿಗೆ ಮೊದಲು ಹೋಲಿಸಿ ನೋಡುವುದು ಯಂತ್ರವೇ.

ಯಂತ್ರಕ್ಕೆ ಅಂದಾಜು ಮಾಡಲು ಬರುವುದಿಲ್ಲ. ‘ಲಕ್ಷ್ಮಿ’ಯನ್ನು ಇಂಗ್ಲಿಷಿನಲ್ಲಿ ‘ಎಕ್ಸ್’ ಹಾಕಿ ಬರೆದರೂ ‘ಕೆಎಸ್‌ಎಚ್’ ಹಾಕಿ ಬರೆದರೂ ನಾವು ಒಂದೇ ಹೆಸರು ಓದುತ್ತೇವೆ. ಅದು ಎರಡು ಬೇರೆ ಸಾಲು ಓದುತ್ತದೆ. ಹೆಸರಿನ ಕೊನೆಯಲ್ಲಿ ಅರಿವಿಲ್ಲದೆ ಬಿದ್ದ ಖಾಲಿ ಜಾಗವೂ ಅದಕ್ಕೆ ಒಂದು ಅಕ್ಷರವೇ.

ನಮ್ಮ ಕಣ್ಣಿನ ಸ್ವಭಾವ ಇದಕ್ಕೆ ತದ್ವಿರುದ್ಧ. ನಾವೇ ಬರೆದದ್ದನ್ನು ನಾವೇ ಓದುವಾಗ, ಪರದೆಯ ಮೇಲೆ ಇರುವುದಕ್ಕಿಂತ ಮನಸ್ಸಿನಲ್ಲಿ ಇದ್ದದ್ದನ್ನೇ ಓದುತ್ತೇವೆ. ಆದ್ದರಿಂದ ‘ಇನ್ನೊಂದು ಸಲ ನೋಡಿದೆ, ಸರಿಯಿದೆ’ ಎಂಬ ಮಾತು ಸಾಲದು. ಅರ್ಜಿಯನ್ನು ಓದುವುದನ್ನು ಬಿಟ್ಟು ಹೋಲಿಸಬೇಕು. ಕೆಳಗಿನ ಕ್ರಮವೆಲ್ಲ ನಿಂತಿರುವುದು ಈ ಒಂದೇ ತತ್ವದ ಮೇಲೆ.

ಮೊದಲು ಜೊತೆಗಿಟ್ಟುಕೊಳ್ಳಬೇಕಾದವು

- ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಹೆಸರು, ತಂದೆ–ತಾಯಿ ಹೆಸರು, ಹುಟ್ಟಿದ ದಿನಾಂಕ ಈ ಮೂರಕ್ಕೂ ಇದನ್ನೇ ಮೂಲ ದಾಖಲೆ ಎಂದು ಹಿಡಿಯಿರಿ.
- ಪಿಯುಸಿ ಅಂಕಪಟ್ಟಿ. ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಪ್ರವೇಶಪತ್ರ ಅಥವಾ ಕಾಲೇಜು ಕೊಟ್ಟ ನೋಂದಣಿ ಸಂಖ್ಯೆ.
- ಆಧಾರ್, ಬ್ಯಾಂಕ್ ಪಾಸ್‌ಬುಕ್.
- ನಾಡಕಚೇರಿಯಿಂದ ಪಡೆದ ಜಾತಿ, ಆದಾಯ ಪ್ರಮಾಣಪತ್ರಗಳು.
- ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರಗಳು, ಅನ್ವಯವಾದರೆ.
- ಆ ವರ್ಷದ ಅಧಿಸೂಚನೆ ಅಥವಾ ಮಾಹಿತಿ ಪುಸ್ತಿಕೆಯ ಪ್ರತಿ. ಫೋಟೊ ಅಳತೆ, ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹೋದ ವರ್ಷ ಅಣ್ಣ ತುಂಬಿದ ಅರ್ಜಿಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಒಂದು ಬಿಳಿ ಹಾಳೆಯಲ್ಲಿ ನಿಮ್ಮ ಹೆಸರು, ತಂದೆ–ತಾಯಿ ಹೆಸರು, ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆಗಳು, ಜಾತಿ–ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಗಳನ್ನು ಮೂಲ ದಾಖಲೆ ನೋಡಿ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಅರ್ಜಿ ತುಂಬುವವರು ನೀವಾದರೂ ಗ್ರಾಮ ಒನ್ ಅಥವಾ ಸೈಬರ್ ಸೆಂಟರ್‌ನವರಾದರೂ ಈ ಹಾಳೆ ನೋಡಿಯೇ ತುಂಬಲಿ. ಬಾಯಲ್ಲಿ ಹೇಳಿ ಬರೆಸಿದ ಹೆಸರಿನಲ್ಲಿ ತಪ್ಪು ನುಸುಳುವುದು ಹೆಚ್ಚು.

ಪರೀಕ್ಷಿಸುವ ಕ್ರಮ

1. ಪ್ರೀವ್ಯೂ ತೆಗೆದು ಕಾಗದದ ಮೇಲೆ ನೋಡಿ. ಎಲ್ಲ ವಿವರ ತುಂಬಿದ ಮೇಲೆ ‘ಸೇವ್’ ಮಾಡಿ, ಪ್ರೀವ್ಯೂ ಪುಟವನ್ನು ಮುದ್ರಿಸಿಕೊಳ್ಳಿ. ಮುದ್ರಣ ಆಗದಿದ್ದರೆ ಪಿಡಿಎಫ್ ಆಗಿ ಉಳಿಸಿಕೊಂಡು ದೊಡ್ಡದು ಮಾಡಿ ನೋಡಿ. ಮೊಬೈಲ್‌ನ ಸಣ್ಣ ಪರದೆಯಲ್ಲಿ ಪೆಟ್ಟಿಗೆಗಿಂತ ಉದ್ದವಾದ ಹೆಸರು ಅರ್ಧವೇ ಕಾಣುತ್ತದೆ. ಉಳಿದರ್ಧದ ತಪ್ಪು ಗೊತ್ತಾಗುವುದು ಪ್ರೀವ್ಯೂನಲ್ಲಿ ಮಾತ್ರ. ತುಂಬಿದ ಕೂಡಲೇ ಪರೀಕ್ಷಿಸುವುದಕ್ಕಿಂತ ಒಂದು ರಾತ್ರಿ ಬಿಟ್ಟು ನೋಡಿದರೆ ಕಣ್ಣು ಹೊಸದಾಗಿರುತ್ತದೆ.

2. ಇಬ್ಬರು ಕೂತು ಹೋಲಿಸಿ. ಒಬ್ಬರು ಮೂಲ ದಾಖಲೆಯನ್ನು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಲಿ. ಇನ್ನೊಬ್ಬರು ಪ್ರೀವ್ಯೂ ಮೇಲೆ ಪೆನ್ನಿನಿಂದ ಒಂದೊಂದೇ ಗುರುತು ಹಾಕಲಿ. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇಲ್ಲ ಎಂದು ಕೈಬಿಡಬೇಡಿ. ಅಂಕಿ ಗೊತ್ತಿರುವ ಅಮ್ಮ ಆಧಾರ್, ಮೊಬೈಲ್, ನೋಂದಣಿ ಸಂಖ್ಯೆಗಳನ್ನು ಓದಿ ಹೇಳಬಲ್ಲರು. ಹೆಸರು, ವಿಳಾಸದ ಭಾಗಕ್ಕೆ ಉಪನ್ಯಾಸಕರನ್ನೋ ಊರಲ್ಲಿ ಕಾಲೇಜು ಓದುತ್ತಿರುವ ಅಕ್ಕ–ಅಣ್ಣಂದಿರನ್ನೋ ಕೇಳಿ.

3. ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್ ಎಲ್ಲಿದೆಯೋ ಅರ್ಜಿಯಲ್ಲೂ ಅಲ್ಲೇ ಇರಲಿ. ಅದರ ಮುಂದೆ ಚುಕ್ಕಿ ಇದೆಯೇ, ಖಾಲಿ ಜಾಗ ಇದೆಯೇ ಗಮನಿಸಿ. ಇನಿಷಿಯಲ್ ಅನ್ನು ಬಿಡಿಸಿ ತಂದೆಯ ಪೂರ್ತಿ ಹೆಸರು ಬರೆಯುವ ಉತ್ಸಾಹ ಬೇಡ. ಶ್ರೀನಿವಾಸ, ವೆಂಕಟೇಶಪ್ಪ, ಮಂಜುನಾಥದಂಥ ಹೆಸರುಗಳಲ್ಲಿ ಕೊನೆಯ ‘ಎ’, ನಡುವಿನ ‘ಎಚ್’, ಜೋಡಿ ‘ಇ’ ಅಕ್ಷರಗಳೇ ಹೆಚ್ಚಾಗಿ ತಪ್ಪುವ ಜಾಗ. ಜಾಲತಾಣ ಚುಕ್ಕಿಯನ್ನು ಒಪ್ಪದಿದ್ದರೆ ಚುಕ್ಕಿಯ ಜಾಗದಲ್ಲಿ ಏನು ಹಾಕಬೇಕೆಂದು ಮಾಹಿತಿ ಪುಸ್ತಿಕೆ ನೋಡಿ.

4. ದಿನಾಂಕ. 12 ಅಥವಾ ಅದಕ್ಕಿಂತ ಚಿಕ್ಕ ದಿನಾಂಕದಲ್ಲಿ ಹುಟ್ಟಿದವರು ವಿಶೇಷವಾಗಿ ಎಚ್ಚರ ವಹಿಸಬೇಕು. ಜುಲೈ 3 ಎಂಬುದು ತಿಂಗಳು ಮೊದಲು ಬರುವ ಪೆಟ್ಟಿಗೆಯಲ್ಲಿ ಮಾರ್ಚ್ 7 ಆಗಿ ಕೂರುತ್ತದೆ. ಯಂತ್ರ ಅದನ್ನು ತಪ್ಪು ಎನ್ನುವುದಿಲ್ಲ, ಏಕೆಂದರೆ ಎರಡೂ ನಿಜವಾದ ದಿನಾಂಕಗಳೇ. ಪ್ರೀವ್ಯೂನಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಬಂದಿದೆಯೇ ನೋಡಿ. ಬರದಿದ್ದರೆ ಪೆಟ್ಟಿಗೆಯ ಪಕ್ಕದಲ್ಲಿ ಕೊಟ್ಟ ಮಾದರಿಯೊಂದಿಗೆ ಹೋಲಿಸಿ.

5. ಸಂಖ್ಯೆಗಳನ್ನು ಎಣಿಸಿ. ಮೊಬೈಲ್‌ಗೆ 10, ಆಧಾರ್‌ಗೆ 12, ಪಿನ್‌ಕೋಡ್‌ಗೆ 6 ಅಂಕಿ. ಆರ್‌ಡಿ ಸಂಖ್ಯೆಯಲ್ಲಿ ಮೊದಲ ಎರಡು ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅಂಕಿ. ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರಕ್ಕೆ ಜಾಗವೇ ಇಲ್ಲ, ದುಂಡಗೆ ಕಾಣುವುದೆಲ್ಲ ಸೊನ್ನೆ. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ 11 ಅಕ್ಷರದ್ದು, ಅದರ ಐದನೆಯದು ಯಾವಾಗಲೂ ಸೊನ್ನೆ. ಉದ್ದದ ಸಂಖ್ಯೆಗಳನ್ನು ಮೂರು ಮೂರು ಅಂಕಿಯ ಗುಂಪು ಮಾಡಿ ಓದಿ. ಆಮೇಲೆ ಒಮ್ಮೆ ಕೊನೆಯಿಂದ ಮೊದಲಿಗೆ ಓದಿ. ಹಿಂದು ಮುಂದಾಗಿ ಓದುವಾಗ ನೆನಪು ಸಹಾಯಕ್ಕೆ ಬರುವುದಿಲ್ಲ, ಕಣ್ಣು ನಿಜವಾಗಿಯೂ ನೋಡುತ್ತದೆ.

6. ಅಂಕಗಳು. ರಾಜ್ಯ ಮಂಡಳಿಯ ಎಸ್ಸೆಸ್ಸೆಲ್ಸಿ ಒಟ್ಟು 625, ದ್ವಿತೀಯ ಪಿಯುಸಿ 600. ಇವು ಅದಲು ಬದಲಾದರೆ ಶೇಕಡಾವಾರು ತಪ್ಪುತ್ತದೆ. 625ಕ್ಕೆ 548 ಅಂದರೆ ಶೇ. 87.68. ಅದನ್ನೇ 600ಕ್ಕೆ ಲೆಕ್ಕ ಹಾಕಿದರೆ ಶೇ. 91.33 ಆಗುತ್ತದೆ. ದಾಖಲೆ ಪರಿಶೀಲಿಸುವವರ ಕಣ್ಣಿಗೆ ಅದು ಸುಳ್ಳು ಮಾಹಿತಿಯಂತೆ ಕಾಣುತ್ತದೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದರಿಂದ, ಯಾವ ಪರೀಕ್ಷೆಯ ಅಂಕ ತುಂಬಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತದೆ. ಪಿಯುಸಿ ನೋಂದಣಿ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಆ ಅರ್ಧ ನಿಮ್ಮ ಹೆಸರಿಗೆ ಸೇರದೆ ಹೋಗಬಹುದು.

7. ಮೀಸಲಾತಿಯ ಕಾಲಂಗಳು. ಆರ್‌ಡಿ ಸಂಖ್ಯೆ ಹಾಕಿದಾಗ ಪರದೆಯ ಮೇಲೆ ಬರುವ ಹೆಸರು, ಪ್ರವರ್ಗ ನಿಮ್ಮದೇ ಎಂದು ನೋಡಿ. ತಂದೆಯ ಅಥವಾ ಅಣ್ಣನ ಪ್ರಮಾಣಪತ್ರದ ಸಂಖ್ಯೆ ಹಾಕಿಬಿಡುವುದು ಸಾಮಾನ್ಯ. ಆದಾಯ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ 5 ವರ್ಷ, ಅದು ಮುಗಿದಿಲ್ಲ ತಾನೇ ಪರಿಶೀಲಿಸಿ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿಯವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಕ್ಯಾಲನೂರಿನಲ್ಲೇ ಇದ್ದರೂ ಹೈಸ್ಕೂಲಿಗೆ ಕೋಲಾರ ನಗರಕ್ಕೆ ಹೋಗಿದ್ದವರು ಅದನ್ನು ಗುರುತಿಸುವಂತಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಶಾಲೆ ಇದ್ದ ಜಾಗ.

8. ಮನೆಮಾತು ಬೇರೆ, ಮಾಧ್ಯಮ ಬೇರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಬಹಳ. ‘ಮಾತೃಭಾಷೆ’ ಎಂಬಲ್ಲಿ ತೆಲುಗು ಬರೆದ ಕೈ ‘ಬೋಧನಾ ಮಾಧ್ಯಮ’ ಎಂಬಲ್ಲೂ ಅದನ್ನೇ ಆರಿಸಿದರೆ ಕನ್ನಡ ಮಾಧ್ಯಮದ ಮೀಸಲಾತಿ ಕೈತಪ್ಪುತ್ತದೆ. ಕೆಲವು ವರ್ಷ ಆಂಧ್ರದಲ್ಲೋ ತಮಿಳುನಾಡಿನಲ್ಲೋ ಓದಿದ್ದರೆ, ಕರ್ನಾಟಕದಲ್ಲಿ ಓದಿದ ವರ್ಷಗಳ ಪಟ್ಟಿಯನ್ನು ವ್ಯಾಸಂಗ ಪ್ರಮಾಣಪತ್ರದ ಜೊತೆ ತರಗತಿವಾರು ಹೋಲಿಸಿ.

9. ವಿಳಾಸ. ಕ್ಯಾಲನೂರಿನ ಕೊನೆಯ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಒಂದು ‘ಯು’ ಹಾಕಿಯೂ ಬರೆಯುತ್ತಾರೆ, ಎರಡು ‘ಓ’ ಹಾಕಿಯೂ ಬರೆಯುತ್ತಾರೆ. ಆಧಾರ್‌ನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ಪಟ್ಟಿಯಿಂದ ಆರಿಸುವಾಗ ಮೇಲೆ ಕೆಳಗೆ ಜಾರಿ ಪಕ್ಕದ ತಾಲ್ಲೂಕು ಬಿದ್ದಿಲ್ಲ ತಾನೇ ನೋಡಿ. ಪಿನ್‌ಕೋಡ್ ಕೋಲಾರಕ್ಕೆ 563101, ಮಾಲೂರಿಗೆ 563130, ಮುಳಬಾಗಿಲಿಗೆ 563131, ಶ್ರೀನಿವಾಸಪುರಕ್ಕೆ 563135. ಹಳ್ಳಿಗಳಿಗೆ ಬೇರೆ ಇರಬಹುದು, ನಿಮ್ಮ ಅಂಚೆ ಕಚೇರಿಯದನ್ನೇ ಹಾಕಿ. ಇನ್ನೊಂದು ವಿಷಯ: ಚಿಂತಾಮಣಿ, ಶಿಡ್ಲಘಟ್ಟ ಮುಂತಾದ ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಅಪ್ಪ–ಅಮ್ಮನ ಹಳೆಯ ಕಾಗದದಲ್ಲಿ ‘ಕೋಲಾರ ಜಿಲ್ಲೆ’ ಎಂದಿದ್ದರೂ ಇಂದಿನ ಜಿಲ್ಲೆಯನ್ನೇ ಆರಿಸಿ.

ಫೋಟೊ, ಸಹಿ ಮತ್ತು ಪಿಡಿಎಫ್

ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಮೂರು ನಾಲ್ಕು ಎಂಬಿ ಇರುತ್ತದೆ. ಅರ್ಜಿ ಕೇಳುವುದು ಕೆಲವು ಕೆಬಿ ಮಾತ್ರ, ಒಂದು ಎಂಬಿ ಎಂದರೆ 1024 ಕೆಬಿ. ಹಾಗಾಗಿ ಚಿತ್ರವನ್ನು ಕುಗ್ಗಿಸಲೇಬೇಕು. ಕುಗ್ಗಿಸುವುದಕ್ಕೂ ಒಂದು ಕ್ರಮವಿದೆ.

1. ಮೊದಲು ಬೇಡದ ಅಂಚು ಕತ್ತರಿಸಿ. ಆಮೇಲೆ ಉದ್ದ–ಅಗಲವನ್ನು ಅಧಿಸೂಚನೆಯ ಅಳತೆಗೆ ತನ್ನಿ. ಇಷ್ಟಾದರೂ ಗಾತ್ರ ಹೆಚ್ಚಿದ್ದರೆ ಕೊನೆಗೆ ಗುಣಮಟ್ಟ ಇಳಿಸಿ. ಮೊದಲೇ ಗುಣಮಟ್ಟ ಇಳಿಸಿದರೆ ಮುಖ ಮಸುಕಾಗುತ್ತದೆ.

2. ಸಹಿಯನ್ನು ಗೆರೆಯಿಲ್ಲದ ಬಿಳಿ ಹಾಳೆಯ ಮೇಲೆ ಮಾಡಿ, ಹಗಲು ಬೆಳಕಿನಲ್ಲಿ ನೆರಳು ಬೀಳದಂತೆ ನೇರವಾಗಿ ಫೋಟೊ ತೆಗೆಯಿರಿ. ಯಾವ ಬಣ್ಣದ ಪೆನ್ನು ಎಂಬುದನ್ನು ಅಧಿಸೂಚನೆ ಹೇಳಿದ್ದರೆ ಅದನ್ನೇ ಬಳಸಿ. ಪರೀಕ್ಷೆಯ ಕೊಠಡಿಯಲ್ಲೂ ಪ್ರವೇಶದ ದಿನವೂ ಅದೇ ಸಹಿ ಮಾಡಬೇಕಾಗುತ್ತದೆ.

3. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ತಾನಾಗಿಯೇ ಕುಗ್ಗಿ ಸ್ಪಷ್ಟತೆ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದ ಹಾಗೆಯೇ ತಲುಪುತ್ತದೆ.

4. ಕಡತದ ಹೆಸರಿನ ಕೊನೆಯ ಭಾಗವನ್ನು ಜೆಪಿಜಿ ಎಂದು ತಿದ್ದಿದ ಮಾತ್ರಕ್ಕೆ ಅದು ಜೆಪಿಜಿ ಆಗುವುದಿಲ್ಲ. ಚಿತ್ರದ ಆ್ಯಪ್‌ನಲ್ಲಿ ತೆರೆದು ಬೇಕಾದ ಬಗೆಯಲ್ಲಿ ಮತ್ತೆ ಉಳಿಸಬೇಕು.

5. ಕಡತಕ್ಕೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸಣ್ಣ ಹೆಸರು ಕೊಡಿ. ಕನ್ನಡ ಅಕ್ಷರ, ಆವರಣ ಚಿಹ್ನೆ, ಖಾಲಿ ಜಾಗ ಇದ್ದರೆ ಕೆಲವು ಜಾಲತಾಣಗಳು ತೆಗೆದುಕೊಳ್ಳುವುದಿಲ್ಲ.

6. ಅಪ್‌ಲೋಡ್ ಆದಮೇಲೆ ಪ್ರತಿಯೊಂದನ್ನೂ ಅಲ್ಲೇ ತೆರೆದು ನೋಡಿ. ಪುಟ ಅಡ್ಡ ತಿರುಗಿದೆಯೇ, ಹಿಂಬದಿ ಬಿಟ್ಟುಹೋಗಿದೆಯೇ, ಫೋಟೊ ಜಾಗದಲ್ಲಿ ಸಹಿ ಕೂತಿದೆಯೇ? ‘ಯಶಸ್ವಿ’ ಎಂಬ ಸಂದೇಶದ ಅರ್ಥ ಕಡತ ತಲುಪಿದೆ ಎಂದಷ್ಟೇ. ಅದು ಸರಿಯಾದ ಕಡತ ಎಂಬುದಕ್ಕೆ ಆ ಸಂದೇಶ ಖಾತರಿಯಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕನ್ನಡದಲ್ಲಿ ಬರೆಯುವ ಕಾಲಂಗೆ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಿಂದ ಅಂಟಿಸುವುದು. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿ ತೋರಿಸುತ್ತವೆ. ಆ ಫಾಂಟ್ ಇಲ್ಲದ ಜಾಲತಾಣದಲ್ಲಿ ನಿಮ್ಮ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಬಿಡುತ್ತದೆ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಮೊಬೈಲ್‌ನ ಕನ್ನಡ ಕೀಲಿಮಣೆ ಯೂನಿಕೋಡ್‌ನಲ್ಲೇ ಬರೆಯುತ್ತದೆ.

ಬ್ರೌಸರ್ ತಾನಾಗಿ ತುಂಬಿದ್ದನ್ನು ನಂಬುವುದು. ಸೈಬರ್ ಸೆಂಟರ್‌ನ ಕಂಪ್ಯೂಟರ್ ಹಿಂದಿನ ವಿದ್ಯಾರ್ಥಿಯ ಇಮೇಲ್, ವಿಳಾಸ, ಪಿನ್‌ಕೋಡನ್ನು ನೆನಪಿಟ್ಟುಕೊಂಡಿರುತ್ತದೆ. ನೀವು ಮೊದಲ ಅಕ್ಷರ ಒತ್ತಿದರೆ ಸಾಕು, ಅವರ ವಿವರ ನಿಮ್ಮ ಅರ್ಜಿಗೆ ಬಂದು ಕೂರುತ್ತದೆ.

ಅಂಗಡಿಯವರ ಮೊಬೈಲ್ ಸಂಖ್ಯೆ ಕೊಡುವುದು. ಮುಂದೆ ಬರುವ ಓಟಿಪಿ, ಸೀಟು ಹಂಚಿಕೆಯ ಸೂಚನೆ ಎಲ್ಲ ಅವರಿಗೇ ಹೋಗುತ್ತವೆ. ಮನೆಯಲ್ಲಿ ಸದಾ ಇರುವ, ಕನಿಷ್ಠ ಪ್ರವೇಶ ಮುಗಿಯುವವರೆಗೆ ಬದಲಾಗದ ಸಂಖ್ಯೆ ಕೊಡಿ.

ಎರಡು ಟ್ಯಾಬ್‌ಗಳಲ್ಲಿ ಇಬ್ಬರ ಅರ್ಜಿ ತೆರೆಯುವುದು. ಅವಳಿ ಮಕ್ಕಳದ್ದೋ ಗೆಳತಿಯರದ್ದೋ ಅರ್ಜಿಯನ್ನು ಒಂದೇ ಬ್ರೌಸರ್‌ನಲ್ಲಿ ಜೊತೆಜೊತೆಗೆ ತುಂಬಿದರೆ ಒಬ್ಬರ ವಿವರ ಇನ್ನೊಬ್ಬರದಕ್ಕೆ ಬೆರೆಯುವ ಅಪಾಯವಿದೆ. ಒಂದು ಮುಗಿಸಿ, ಲಾಗ್‌ಔಟ್ ಮಾಡಿ, ಇನ್ನೊಂದು ತೆರೆಯಿರಿ.

ಎಚ್ಚರಿಕೆಗಳು

- ಕೊನೆಯ ದಿನಕ್ಕೆ ಉಳಿಸಬೇಡಿ. ಆ ದಿನ ಸರ್ವರ್ ನಿಧಾನವಾಗುತ್ತದೆ, ಹಳ್ಳಿಯಲ್ಲಿ ಕರೆಂಟೂ ಕೈಕೊಡಬಹುದು. ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಸಬ್ಮಿಟ್ ಮಾಡುವ ಲೆಕ್ಕ ಹಾಕಿಕೊಳ್ಳಿ.
- ‘ತಿದ್ದುಪಡಿಗೆ ಅವಕಾಶ ಕೊಡುತ್ತಾರೆ ಬಿಡಿ’ ಎಂಬ ಭರವಸೆ ಬೇಡ. ಅವಕಾಶ ಸಿಕ್ಕಾಗಲೂ ಎಲ್ಲ ಕಾಲಂ ತೆರೆಯದಿರಬಹುದು.
- ಪಾಸ್‌ವರ್ಡ್ ಮತ್ತು ಓಟಿಪಿಯನ್ನು ನೀವೇ ಟೈಪ್ ಮಾಡಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ಡೌನ್‌ಲೋಡ್ ಆದ ನಿಮ್ಮ ಕಡತಗಳನ್ನು ಅಲ್ಲಿಂದ ಅಳಿಸಿಸಿ.
- ಶುಲ್ಕ ಕಟ್ಟುವಾಗ ಹಣ ಕಡಿತವಾಗಿ ಪುಟ ನಿಂತುಹೋದರೆ ಆ ಕ್ಷಣವೇ ಮತ್ತೆ ಕಟ್ಟಬೇಡಿ. ವಹಿವಾಟಿನ ಸಂಖ್ಯೆ ಬರೆದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಶುಲ್ಕದ ಸ್ಥಿತಿ ನೋಡಿ ಮುಂದುವರಿಯಿರಿ.

ದಾಖಲೆಯೇ ತಪ್ಪಿದ್ದರೆ

ಹೋಲಿಸುವಾಗ ಅರ್ಜಿ ಸರಿಯಿದ್ದು ದಾಖಲೆಗಳೇ ಒಂದಕ್ಕೊಂದು ಹೊಂದದಿರುವುದು ಗೊತ್ತಾಗಬಹುದು. ಆಗ ಅರ್ಜಿಯಲ್ಲಿ ಹೊಸದೊಂದು ರೂಪ ಸೃಷ್ಟಿಸಬೇಡಿ. ಅಂಕಪಟ್ಟಿಯದನ್ನೇ ಹಾಕಿ, ಉಳಿದ ದಾಖಲೆಗಳನ್ನು ಅದಕ್ಕೆ ಹೊಂದುವಂತೆ ತಿದ್ದಿಸಿ. ಆಧಾರ್‌ಗೆ ಆಧಾರ್ ಕೇಂದ್ರ, ಜಾತಿ–ಆದಾಯಕ್ಕೆ ನಾಡಕಚೇರಿ, ಪಾಸ್‌ಬುಕ್‌ಗೆ ಬ್ಯಾಂಕ್ ಶಾಖೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಆದ್ದರಿಂದ ಅಂಕಪಟ್ಟಿ ಕೈಯಲ್ಲಿ ಹಿಡಿದೇ ಹೋಗಿ, ಅಲ್ಲಿ ಕೊಡುವ ಚೀಟಿಯಲ್ಲಿ ಒಂದೊಂದು ಅಕ್ಷರ ನೋಡಿಯೇ ಹೊರಡಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಬರೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ ಇದನ್ನು ನೋಡಿಕೊಂಡರೆ ಪಿಯುಸಿಯ ಎರಡು ವರ್ಷ ಕೈಯಲ್ಲಿರುತ್ತದೆ.

ಸಬ್ಮಿಟ್ ಆದಮೇಲೆ

ಅಂತಿಮ ಅರ್ಜಿಯ ಪಿಡಿಎಫ್, ಶುಲ್ಕದ ರಸೀದಿ, ಅರ್ಜಿ ಸಂಖ್ಯೆ ಮೂರನ್ನೂ ಅಂದೇ ಇಳಿಸಿಕೊಂಡು ಎರಡು ಪ್ರತಿ ಮುದ್ರಿಸಿಡಿ. ಒಂದು ಪ್ರತಿಯನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಮುಂದೆ ಯುಯುಸಿಎಂಎಸ್, ಎಸ್‌ಎಸ್‌ಪಿ ಅರ್ಜಿ ತುಂಬುವಾಗ ಹೊಸದಾಗಿ ನೆನಪು ಮಾಡಿಕೊಳ್ಳದೆ ಈ ಪ್ರತಿ ಮತ್ತು ಮೊದಲು ಬರೆದ ಬಿಳಿ ಹಾಳೆ ನೋಡಿಯೇ ತುಂಬಿ. ಎಲ್ಲ ಕಡೆ ಒಂದೇ ಹೆಸರು, ಒಂದೇ ದಿನಾಂಕ ಇದ್ದರೆ ಹಣ ಖಾತೆಗೆ ಬರುವವರೆಗಿನ ದಾರಿ ಸಲೀಸು.

ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲ ತಲೆಮಾರು ಇದು. ಓದಿ ಗಳಿಸಿದ ಅಂಕ ಒಂದು ಅಕ್ಷರದ ತಪ್ಪಿಗೆ ವ್ಯರ್ಥವಾಗಬಾರದು. ಈ ವರ್ಷ ಅರ್ಜಿ ಹಾಕಿ ಅನುಭವ ಪಡೆದವರು ಬರುವ ವರ್ಷ ಪಕ್ಕದ ಮನೆಯ ಹುಡುಗಿಯ ಜೊತೆ ಒಂದು ಗಂಟೆ ಕೂತು, ಅವಳ ಅಂಕಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿ. ಹೋಲಿಸಲು ಇಬ್ಬರು ಬೇಕು, ಆ ಎರಡನೆಯವರು ನೀವಾಗಿ.